ಮಣಿಕಟ್ಟಿನ ಮ್ಯಾಲಿನ ಮಳಿ: ನಿಮ್ಮ ಪ್ರಶ್ನೆ, ಗಡಿಯಾರದಂಗಡಿಯ ಉತ್ತರ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಗಲ್ಲಿಯೊಂದರಲ್ಲಿ ನನ್ನ ಅಂಗಡಿ. ಎಚ್‌ಎಂಟಿ ಜನತಾಕ್ಕೆ ದಿನಾ ಮುಂಜಾನೆ ಕೀಲಿ ಕೊಡುತ್ತಿದ್ದ ಕಾಲದಿಂದ ಅದೇ ಸ್ಟೂಲಿನ ಮೇಲೆ ಕೂತಿದ್ದೇನೆ. ಈಗ ಕೀಲಿ ಗಡಿಯಾರದ ಗಿರಾಕಿ ವಾರಕ್ಕೊಬ್ಬ ಬಂದರೆ ಹೆಚ್ಚು, ಉಳಿದವರದೆಲ್ಲ ಸ್ಮಾರ್ಟ್‌ವಾಚ್. ಬೆಲ್ಟ್ ಹರಿದದ್ದು, ಗ್ಲಾಸ್ ಒಡೆದದ್ದು, ಚಾರ್ಜ್ ನಿಲ್ಲದ್ದು. ರಿಪೇರಿ ಮುಗಿಸಿ ರೊಕ್ಕ ಕೊಟ್ಟು ಏಳುವಾಗ ಮಾತ್ರ ಎಲ್ಲರದೂ ಒಂದೇ ಪ್ರಶ್ನೆ: "ಅಣ್ಣಾ, ಇದು ಮಳಿ ಬರ್ತದ ಅಂತದ, ಖರೇನಾ?"

ಈ ಸಲ ಅಂಚೆಯಲ್ಲೂ ಅದೇ ಬಂದಿದೆ. ಹಾಗಾಗಿ ಬ್ಯಾಟರಿ, ಬೆಲ್ಟಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಪುಟವನ್ನೆಲ್ಲ ಹವಾಮಾನಕ್ಕೆ ಬಿಟ್ಟಿದ್ದೇನೆ. ನಾನೇನು ಹವಾಮಾನ ಇಲಾಖೆಯವನಲ್ಲ. ನಮ್ಮಪ್ಪ ತಹಶೀಲ ಕಚೇರಿಯಲ್ಲಿ ಜವಾನನಾಗಿದ್ದ. ಅಂಗಳದಲ್ಲಿದ್ದ ಐದು ಇಂಚು ಬಾಯಿಯ ಮಳೆಮಾಪಕ ಎತ್ತಿ ನೀರು ಅಳೆಯುವುದು ಅವನ ಪಾಲಿನ ಕೆಲಸ. ಸಣ್ಣವನಿದ್ದಾಗ ಆ ಗಾಜಿನ ಅಳತೆಪಾತ್ರೆ ಹಿಡಿಯುವ ಹಕ್ಕು ನನಗಿತ್ತು. ನನ್ನ ಬಂಡವಾಳ ಅಷ್ಟೇ, ಉಳಿದದ್ದು ಓದಿ ತಿಳಿದದ್ದು.

ನನ್ನ ವಾಚಿನ್ಯಾಗ ನಾಕು ದಿನ ದಿನಾಲೂ 40% ಮಳಿ ಅಂತ ತೋರಿಸ್ತು. ಒಂದು ಹನಿ ಬೀಳಲಿಲ್ಲ. ಐದನೇ ದಿನ 20% ಅಂತಿತ್ತು, ಅವತ್ತ ಧೋ ಅಂತ ಬಿತ್ತು ನೋಡ್ರಿ. ಇದನ್ನ ನಂಬಿ ಬಿತ್ತಬೇಕೋ ಬ್ಯಾಡೋ?
*ತೊಗರಿ ಬೆಳೆಯುವ ಓದುಗರು, ಆಳಂದ ತಾಲ್ಲೂಕು*

ಮೊದಲು 40 ಅಂದರೆ ಏನು ಅಲ್ಲ ಅನ್ನುವುದನ್ನು ಹೇಳಿಬಿಡುತ್ತೇನೆ. ದಿನದ ಇಪ್ಪತ್ತನಾಲ್ಕು ತಾಸಿನಲ್ಲಿ 40 ಪಾಲು ಹೊತ್ತು ಸುರಿಯುತ್ತದೆ ಅಂತ ಅಲ್ಲ. ಆಳಂದದ ನೂರು ಹಳ್ಳಿಗಳಲ್ಲಿ ನಲವತ್ತಕ್ಕೆ ಬೀಳುತ್ತದೆ ಅಂತಲೂ ಅಲ್ಲ. ಮಳೆ ಜೋರು ಅಂತಂತೂ ಅಲ್ಲವೇ ಅಲ್ಲ. ನೀವು ನಿಂತ ಜಾಗದಲ್ಲಿ, ವಾಚು ಹೇಳುವ ಅವಧಿಯೊಳಗೆ, ಅಳೆಯಲು ಸಿಗುವಷ್ಟಾದರೂ ಮಳೆ ಬೀಳುವ ಸಾಧ್ಯತೆ ಅದು. ಇಂಥ ಲಕ್ಷಣದ ಹತ್ತು ದಿನ ಬಂದರೆ ನಾಲ್ಕು ದಿನ ಹನಿಯುತ್ತದೆ, ಆರು ದಿನ ಒಣ. ಅರ್ಥ ಅಷ್ಟೇ.

ಆ ಲೆಕ್ಕ ಎಲ್ಲಿಂದ ಬರುತ್ತದೆ? ವಾಚಿನೊಳಗೆ ಮೋಡ ನೋಡುವ ಕಣ್ಣಿಲ್ಲ. ಅದು ಫೋನಿನಿಂದ ಕೇಳಿ ತಿಳಿಯುತ್ತದೆ, ಫೋನು ಇಂಟರ್ನೆಟ್ಟಿನಿಂದ, ಇಂಟರ್ನೆಟ್ಟು ಎಲ್ಲೋ ಇರುವ ದೊಡ್ಡ ಕಂಪ್ಯೂಟರಿನಿಂದ. ಆ ಕಂಪ್ಯೂಟರು ಇವತ್ತಿನ ಗಾಳಿ, ಬಿಸಿ, ತೇವವನ್ನು ತಗೊಂಡು ನಾಳೆಯದನ್ನು ಲೆಕ್ಕ ಹಾಕುತ್ತದೆ. ಇವತ್ತಿನ ಅಳತೆಯಲ್ಲೇ ಸಣ್ಣ ತಪ್ಪಿರುತ್ತದೆ ಅಂತ ಅದಕ್ಕೂ ಗೊತ್ತು. ಅದಕ್ಕೇ ಅದನ್ನು ಅಷ್ಟಿಷ್ಟು ಬದಲಿಸಿ ಮತ್ತೆ ಮತ್ತೆ ಹಾಕುತ್ತದೆ. ಯುರೋಪಿನ ಹವಾಮಾನ ಕೇಂದ್ರ ಹೀಗೆ ಐವತ್ತು ಸಲ ಬದಲಿಸಿ ನೋಡುತ್ತದೆ. ಐವತ್ತರಲ್ಲಿ ಇಪ್ಪತ್ತು ಲೆಕ್ಕ ನಿಮ್ಮ ಹೊಲಕ್ಕೆ ಮಳೆ ತಂದರೆ, ಹೆಚ್ಚುಕಡಿಮೆ ಅದೇ ನಿಮ್ಮ 40.

ನಾಲ್ಕು ದಿನ 40 ತೋರಿಸಿ ನಾಲ್ಕೂ ದಿನ ಒಣ ಹೋದದ್ದಕ್ಕೆ ಸಿಟ್ಟು ಬಂದಿದೆ ನಿಮಗೆ. ಒಂದೊಂದು ದಿನವನ್ನೂ ಬೇರೆ ಬೇರೆ ಅಂತ ಹಿಡಿದು ಗುಣಿಸಿ ನೋಡಿದರೆ, ಹಾಗಾಗುವುದು ಎಂಟು ಸಲಕ್ಕೆ ಒಮ್ಮೆ. ಅಪರೂಪವೇನಲ್ಲ. ಐದನೇ ದಿನದ 20 ಕೂಡ ಐದಕ್ಕೆ ಒಂದು ಸಲ ಬಂದೇ ಬರುವ ಮಳೆ. ಇಲ್ಲಿ ವಾಚು ಸುಳ್ಳು ಹೇಳಿದ್ದಕ್ಕೆ ಸಾಕ್ಷಿ ಸಾಲದು.

ಇನ್ನೊಂದು ಗೊಂದಲ ಗಂಟೆಯದೂ ದಿನದ್ದೂ. ಸಂಜೆ ನಾಲ್ಕಕ್ಕೆ 20, ಐದಕ್ಕೆ 20, ಆರಕ್ಕೆ 20 ಅಂತ ಇದ್ದು ಇಡೀ ದಿನಕ್ಕೆ 50 ಅಂತ ಇದ್ದರೆ ಎರಡೂ ಸರಿ ಇರಬಹುದು. ಯಾವ ಗಂಟೆಗೆ ಅಂತ ಗೊತ್ತಿಲ್ಲ, ಯಾವಾಗಲೋ ಒಮ್ಮೆ ಬಂದೀತು ಅನ್ನುವ ಭರವಸೆ ಹೆಚ್ಚು.

ಮುಖ್ಯವಾದದ್ದು ಈಗ. ಎಷ್ಟು ಪರ್ಸೆಂಟಿಗೆ ಏಳಬೇಕು ಅನ್ನುವುದನ್ನು ವಾಚು ಹೇಳುವುದಿಲ್ಲ, ನಿಮ್ಮ ಕಣ ಹೇಳುತ್ತದೆ. ನನ್ನದೇ ಕಥೆ. ಸೇಡಂ ರಸ್ತೆಗೆ ತಮ್ಮನೂ ನಾನೂ ಪಾಲಿನಲ್ಲಿ ನಾಲ್ಕೆಕರೆ ತೊಗರಿ ಹಾಕುತ್ತೇವೆ. ಒಂದು ಜನವರಿಯಲ್ಲಿ ಮಷಿನ್ ಹಚ್ಚಿ ರಾಶಿ ಮಾಡಿ, ಕತ್ತಲಾಯಿತು ಅಂತ ಹೊಲದಲ್ಲೇ ಬಿಟ್ಟೆವು. ತಮ್ಮ ಕೇಳಿದ, "ಅಣ್ಣಾ, ತಾಡಪತ್ರಿ ಹಾಸಾಮೇನು?" ನಾನು ದೊಡ್ಡ ತಿಳಿದವನ ಹಾಗೆ ಕೈ ತಿರುಗಿಸಿ ನೋಡಿದೆ. 20%. "ಬ್ಯಾಡ ಬಿಡೋ, ಮುಂಜಾನೆ ಎದ್ದು ಚೀಲ ತುಂಬಿದರಾಯ್ತು" ಅಂದೆ. ತಾಡಪತ್ರಿ ಟ್ರ್ಯಾಕ್ಟರಿನಲ್ಲೇ ಮಡಚಿ ಬಿದ್ದಿತ್ತು. ನಸುಕಿನ ಮೂರಕ್ಕೆ ಹಂಚಿನ ಮೇಲೆ ಟಪಟಪ ಕೇಳಿ ಎದ್ದೆ. ಮಳೆ ಹೆಚ್ಚೇನೂ ಅಲ್ಲ, ಇಪ್ಪತ್ತು ನಿಮಿಷ. ಆದರೆ ನೆನೆದ ತೊಗರಿ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಮುಖ ತೋರಿಸುವಂತಿರಲಿಲ್ಲ. ದಲಾಲ ಒಂದು ಮುಷ್ಟಿ ಎತ್ತಿ ಬೆಳಕಿಗೆ ಹಿಡಿದು, ಏನೂ ಅನ್ನದೆ ಮತ್ತೆ ಚೀಲಕ್ಕೆ ಸುರಿದ. ಆ ಸುಮ್ಮನಿರುವಿಕೆಯ ಬೆಲೆ ಕ್ವಿಂಟಲಿನ ಲೆಕ್ಕದಲ್ಲಿ ಬಂತು.

ತಾಡಪತ್ರಿ ಹಾಸಲು ಇಬ್ಬರಿಗೆ ಅರ್ಧ ತಾಸಿನ ಕೆಲಸ. ಕಳಕೊಂಡದ್ದು ವರ್ಷದ ಬೆಳೆಯ ಬಣ್ಣ. ಇಷ್ಟು ಸಣ್ಣ ಖರ್ಚಿಗೆ ಇಷ್ಟು ದೊಡ್ಡ ನಷ್ಟ ತಪ್ಪುವುದಾದರೆ 20 ಅಲ್ಲ, 10 ಕಂಡರೂ ಹಾಸಬೇಕು. ಅದೇ ಬಟ್ಟೆ ಒಣಗಿಸಲು 50 ಇದ್ದರೂ ನಡೆಯುತ್ತದೆ. ನೆಂದರೆ ಮತ್ತೆ ಹಿಂಡಿ ಹಾಕಿದರಾಯಿತು.

ಬಿತ್ತುವ ಮಾತಿಗೆ ಬಂದರೆ, ಪರ್ಸೆಂಟನ್ನು ಬದಿಗಿಟ್ಟು ಅದರ ಪಕ್ಕದ ಮಿಲಿಮೀಟರ್ ನೋಡಿ. 90% ಅಂತಿದ್ದು 1 ಮಿ.ಮೀ. ಅಂತಿದ್ದರೆ ಮಳೆ ಬರುವುದು ಖಾತ್ರಿ, ಉಪಯೋಗ ಇಲ್ಲದ್ದೂ ಖಾತ್ರಿ. ಒಂದು ಮಿ.ಮೀ. ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಎಕರೆಗೆ ನಾಲ್ಕು ಸಾವಿರ ಲೀಟರ್ ಅಂದಾಗ ಭಾರಿ ಅನಿಸುತ್ತದೆ, ನಮ್ಮ ಎರೆಭೂಮಿ ಅದನ್ನು ನಾಲಗೆ ತುದಿಗೂ ಹಚ್ಚಿಕೊಳ್ಳುವುದಿಲ್ಲ. ಹವಾಮಾನ ಇಲಾಖೆ ದಿನಕ್ಕೆ 2.5 ಮಿ.ಮೀ. ಮುಟ್ಟಿದರೆ ಮಾತ್ರ ಅದನ್ನು ಮಳೆಯ ದಿನ ಅಂತ ಲೆಕ್ಕಕ್ಕೆ ತಗೊಳ್ಳುತ್ತದೆ. 15.5ರ ತನಕ ಹಗುರ ಮಳೆ, 64.4ರ ತನಕ ಸಾಧಾರಣ, 64.5ರಿಂದ ಭಾರಿ, 115.6ರಿಂದ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ಇವೆಲ್ಲ ಮುಂಜಾನೆ ಎಂಟೂವರೆಯಿಂದ ಮರುದಿನ ಮುಂಜಾನೆ ಎಂಟೂವರೆ ತನಕದ ಲೆಕ್ಕ. ಅಪ್ಪ ಡಬ್ಬಿ ಎತ್ತುತ್ತಿದ್ದದ್ದೂ ಅದೇ ಹೊತ್ತಿಗೆ. ಹಾಗಾಗಿ ನಿನ್ನೆ ಸಂಜೆ ನೀವು ನೆಂದ ಮಳೆ ಸರಕಾರಿ ಪಟ್ಟಿಯಲ್ಲಿ ಇವತ್ತಿನ ತಾರೀಖಿಗೆ ಬೀಳುತ್ತದೆ. ವಾಚಿನ ಲೆಕ್ಕಕ್ಕೂ ಪೇಪರಿನ ಲೆಕ್ಕಕ್ಕೂ ಹೊಂದುವುದಿಲ್ಲ ಅಂತ ಜಗಳ ತೆಗೆಯುವವರು ಮೊದಲು ಇದನ್ನು ನೋಡಬೇಕು.

ಹೊಲದ ಹದವನ್ನು ಹೇಳುವ ವಾಚು ಇನ್ನೂ ಬಂದಿಲ್ಲ. ಅದಕ್ಕೆ ಹಿಡಿಮಣ್ಣು ಎತ್ತಿ ಉಂಡೆ ಕಟ್ಟಿಯೇ ನೋಡಬೇಕು.

ಮಗ ಬೆಂಗಳೂರಿಂದ ವಾಚ್ ಕಳಿಸ್ಯಾನ. ಏಪ್ರಿಲ್‌ನ್ಯಾಗ ಮಧ್ಯಾಹ್ನ ನೋಡಿದರ 40 ಡಿಗ್ರಿ, ಕೆಳಗ ಫೀಲ್ಸ್ ಲೈಕ್ 38. ಇಲ್ಲಿ ನೆಲದ ಫರಸಿ ಸೈತ ಕಾಲು ಸುಡ್ತಿರತದ, ಇದಕ್ಕ ತಂಪನಿಸ್ತದಂತ! ಜೂನ್‌ದಾಗ 34ಕ್ಕ 42 ಅಂತು. ವಾಚ್ ಕೆಟ್ಟದೇನ್ರಿ?
*ಗೃಹಿಣಿಯೊಬ್ಬರು, ಕಲಬುರಗಿ*

ಅಕ್ಕಾರ, ವಾಚ್ ಕೆಟ್ಟಿಲ್ಲ. ರಿಪೇರಿ ಮಾಡಿಸಿ ಅಂದರೆ ನನಗೇ ಲಾಭ, ಆದರೂ ಖರೇ ಹೇಳುತ್ತೇನೆ.

ಫೀಲ್ಸ್ ಲೈಕ್ ಅಂದರೆ ಮೈಗೆ ಎಷ್ಟು ಅನಿಸುತ್ತದೆ ಅನ್ನುವ ಲೆಕ್ಕ. ಮೈ ತಣ್ಣಗಾಗುವುದು ಬೆವರು ಆರುವುದರಿಂದ. ಗಾಳಿ ಒಣಗಿದ್ದರೆ ಬೆವರು ಚಟ್ಟನೆ ಆರುತ್ತದೆ, ತೇವವಿದ್ದರೆ ಮೈಮೇಲೇ ಕೂರುತ್ತದೆ. ನಮ್ಮ ಏಪ್ರಿಲ್ ಮಧ್ಯಾಹ್ನದ ಗಾಳಿಯಲ್ಲಿ ತೇವ ಅನ್ನುವುದು 15 ಪರ್ಸೆಂಟಿಗೆ ಇಳಿದಿರುತ್ತದೆ. ಸೂತ್ರಕ್ಕೆ ಹಾಕಿದರೆ 40 ಡಿಗ್ರಿ 38 ಆಗುತ್ತದೆ. ಮಳೆ ಹತ್ತಿದ ಮೇಲೆ ಬಿಸಿ 34ಕ್ಕಿಳಿದರೂ ತೇವ 60 ಇದ್ದರೆ ಅದೇ ಸೂತ್ರ 42 ಅನ್ನುತ್ತದೆ. ಏಪ್ರಿಲ್‌ದು ಝಳ, ಜೂನ್‌ದು ಕುದಿ. ನಮ್ಮ ಭಾಷೆಯಲ್ಲೇ ಎರಡಕ್ಕೂ ಬೇರೆ ಬೇರೆ ಶಬ್ದ ಇದ್ದವು, ವಾಚು ಅದನ್ನು ಅಂಕಿಯಲ್ಲಿ ಹೇಳುತ್ತಿದೆ.

ಆದರೆ 38 ಅಂತ ನೋಡಿ ಹಗುರಾಗಿ ತಗೊಂಡು ಹೊರಗೆ ಹೊರಡಬೇಡಿ. ಆ ಸೂತ್ರ ನೆರಳಿನದು. ತಲೆಮೇಲೆ ನೇರ ಬಿಸಿಲಿದ್ದರೆ ಅದಕ್ಕೆ ಎಂಟು ಡಿಗ್ರಿಯ ತನಕ ಕೂಡಬಹುದು. ಫರಸಿ, ಗೋಡೆ, ತಗಡು ಹಿಂದಕ್ಕೆ ಕಾರುವ ಬಿಸಿ ಅದರ ಲೆಕ್ಕದಲ್ಲೇ ಇಲ್ಲ. ಇನ್ನೂ ಅಪಾಯದ್ದು, ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಬಿಡುವುದರಿಂದ ನೀರು ಹೋದದ್ದೇ ತಿಳಿಯುವುದಿಲ್ಲ. ಸೊಲ್ಲಾಪುರ ಕಡೆಯಿಂದ ಬೈಕಿನಲ್ಲಿ ಬಂದ ಗಿರಾಕಿಯೊಬ್ಬ "ಬೆವರೇ ಬಂದಿಲ್ಲ ನೋಡ್ರಿ, ಹವಾ ಛಲೋ ಅದ" ಅನ್ನುತ್ತ ನನ್ನ ಕೌಂಟರಿಗೆ ಆತುಕೊಂಡವ ಹಾಗೇ ಕುಸಿದ. ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಎದ್ದಿದ್ದವು. ಬೆವರು ಬಂದಿತ್ತು, ಅವನಿಗೆ ಸಿಕ್ಕಿರಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರಕಾರಿ ಕಚೇರಿಗಳನ್ನು ಮುಂಜಾನೆ ಎಂಟಕ್ಕೇ ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವುದು ಸುಮ್ಮನೆ ಅಲ್ಲ.

ಹ್ಯುಮಿಡಿಟಿಯ ಪರ್ಸೆಂಟು ನಂಬಿದರೆ ಮೋಸ ಹೋಗುತ್ತೀರಿ. ಗಾಳಿಯಲ್ಲಿ ಅಷ್ಟೇ ನೀರಿದ್ದರೂ ನಸುಕಿನ ತಂಪಿಗೆ 50 ಅಂತ ತೋರಿಸಿ, ಮಧ್ಯಾಹ್ನದ ಬಿಸಿಗೆ 20 ಅನ್ನುತ್ತದೆ. ಬಿಸಿಯಾದಷ್ಟೂ ಗಾಳಿಯ ಪಾತ್ರೆ ದೊಡ್ಡದಾಗುತ್ತದೆ, ಒಳಗಿನ ನೀರು ಅಷ್ಟೇ ಇರುತ್ತದೆ. ಅದರ ಬದಲು ನಿಮ್ಮ ವಾಚಿನಲ್ಲಿ ಡ್ಯೂ ಪಾಯಿಂಟ್ ಅಂತ ಇದ್ದರೆ ಅದನ್ನು ನೋಡಿ. ಇಬ್ಬನಿ ಕಟ್ಟಲು ಗಾಳಿ ಎಷ್ಟು ಡಿಗ್ರಿಗೆ ತಣಿಯಬೇಕು ಅನ್ನುವ ಅಂಕಿ ಅದು. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 10ರ ಆಸುಪಾಸು, ಮಳೆಗಾಲದಲ್ಲಿ 22ರ ಆಸುಪಾಸು. 24 ದಾಟಿತೋ, ಫ್ಯಾನಿನ ಕೆಳಗೆ ಕೂತರೂ ಅಂಗಿ ಬೆನ್ನಿಗೆ ಅಂಟುತ್ತದೆ.

ಕೂಲರ್ ಇಟ್ಟವರಿಗೂ ಇದೇ ಅಂಕಿ ಕೆಲಸಕ್ಕೆ ಬರುತ್ತದೆ. ಡ್ಯೂ ಪಾಯಿಂಟ್ ಕೆಳಗಿದ್ದರೆ ಕೂಲರ್ ಐಸಿನ ಹಾಗೆ ಊದುತ್ತದೆ, ಮೇಲಿದ್ದರೆ ಕೋಣೆಯನ್ನು ಹಬೆ ಮಾಡುತ್ತದೆ. ಜೂನ್ ಬಂದೊಡನೆ "ಕೂಲರ್ ಕೆಲಸ ಮಾಡವಲ್ದು" ಅಂತ ಮೋಟಾರ್ ಬದಲಿಸುವವರನ್ನು ನೋಡಿದ್ದೇನೆ.

ಇನ್ನು ಅದರ ಕೆಳಗೆ ಯುವಿ 11 ಅಂತ ಇರುತ್ತದೆ. ಇದು ಬಿಸಿಯ ಅಳತೆ ಅಲ್ಲ, ಚರ್ಮ ಸುಡುವ ಕಿರಣದ್ದು. 2ರ ತನಕ ಕಡಿಮೆ, 8 ಮುಟ್ಟಿದರೆ ತೀರಾ ಹೆಚ್ಚು, 11ರಿಂದ ಮೇಲೆ ವಿಪರೀತ. ಬಿಸಿ ಮೂರು ಗಂಟೆಗೆ ತುದಿ ಮುಟ್ಟಿದರೆ ಯುವಿ ತುದಿ ಮುಟ್ಟುವುದು ಸೂರ್ಯ ನೆತ್ತಿಗೆ ಬಂದಾಗ, ಅಂದರೆ ಕಲಬುರಗಿಯಲ್ಲಿ ಹನ್ನೆರಡೂಕಾಲು ದಾಟಿದ ಮೇಲೆ. ಮೇ 9ರ ಆಸುಪಾಸು ನಮ್ಮೂರಿನಲ್ಲಿ ಆ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಮಾಳಿಗೆ ಮೇಲೆ ಸಂಡಿಗೆ, ಶ್ಯಾವಿಗೆ ಹಾಕುವುದಿದ್ದರೆ ಹತ್ತರೊಳಗೆ ಹಾಕಿ ಇಳಿಯಿರಿ. ಸಂಡಿಗೆ ಒಣಗಲು ನೀವು ಮೇಲೆ ಕಾಯಬೇಕಿಲ್ಲ, ಕಾಗೆಗೆ ಒಂದು ಕರಿ ಅರಿವೆ ಕಟ್ಟಿದರೆ ಸಾಕು.

ನನ್ನ ವಾಚಿನಲ್ಲಿ ಬ್ಯಾರೋಮೀಟರ್ ಇದೆ. ದಿನಾ ಮಧ್ಯಾಹ್ನ "ಸ್ಟಾರ್ಮ್ ಅಲರ್ಟ್" ಅಂತ ಗುರ್ರ್ ಅನ್ನುತ್ತದೆ, ಆಕಾಶದಲ್ಲಿ ಒಂದು ಮೋಡವೂ ಇಲ್ಲ. ಅಲ್ಲದೆ ವಾಚು 938 ಅಂದರೆ ಆ್ಯಪ್ 1008 ಅನ್ನುತ್ತದೆ. ಯಾವುದು ಸರಿ?
*ಇಂಜಿನಿಯರಿಂಗ್ ವಿದ್ಯಾರ್ಥಿ, ಬೀದರ್*

ತಮ್ಮಾ, ಎರಡೂ ಸರಿ. 938 ನಿನ್ನ ಕೈಯಿರುವ ಎತ್ತರದಲ್ಲಿ ಗಾಳಿಯ ಒತ್ತಡ, 1008 ಅದನ್ನು ಸಮುದ್ರ ಮಟ್ಟಕ್ಕೆ ಇಳಿಸಿ ಹೇಳಿದ್ದು. ಬೀದರ್ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ ಕೂತ ಊರು. ಸುಮಾರು ಒಂಬತ್ತು ಮೀಟರ್ ಏರಿದರೆ ಒಂದು ಹೆಕ್ಟೊಪಾಸ್ಕಲ್ (ಒತ್ತಡ ಅಳೆಯುವ ಮಾನ) ಇಳಿಯುತ್ತದೆ, ಭಾಗಿಸಿ ನೋಡು.

ದಿನಾ ಮಧ್ಯಾಹ್ನದ ಗುರ್ರಿನದು ಸ್ವಾರಸ್ಯದ ಸಂಗತಿ. ಸಮುದ್ರಕ್ಕೆ ಭರತ ಇಳಿತ ಇದ್ದ ಹಾಗೆ ಗಾಳಿಗೂ ಇದೆ. ಸೂರ್ಯನ ಬಿಸಿಗೆ ಇಡೀ ವಾತಾವರಣ ದಿನಕ್ಕೆ ಎರಡು ಸಲ ಉಬ್ಬಿ ತಗ್ಗುತ್ತದೆ. ಬೆಳಿಗ್ಗೆ ಹತ್ತಕ್ಕೂ ರಾತ್ರಿ ಹತ್ತಕ್ಕೂ ಒತ್ತಡ ಏರಿರುತ್ತದೆ, ಸಂಜೆ ನಾಲ್ಕಕ್ಕೂ ನಸುಕಿನ ನಾಲ್ಕಕ್ಕೂ ಇಳಿದಿರುತ್ತದೆ. ನಮ್ಮಂಥ ಉಷ್ಣವಲಯದಲ್ಲಿ ಈ ಏರಿಳಿತ ಎದ್ದು ಕಾಣುತ್ತದೆ, ಬೇಸಿಗೆಯ ಮಧ್ಯಾಹ್ನವಂತೂ ನಾಲ್ಕು ಹೆಕ್ಟೊಪಾಸ್ಕಲ್‌ನಷ್ಟು ಜಾರುತ್ತದೆ. ಕೆಲವು ವಾಚುಗಳು ಮೂರು ತಾಸಿನಲ್ಲಿ ಅಷ್ಟು ಇಳಿದರೆ ಬಿರುಗಾಳಿ ಬಂತು ಅಂತ ಬಡಿದುಕೊಳ್ಳುವಂತೆ ಮಾಡಿದವು. ಆ ಲೆಕ್ಕ ತಂಪು ದೇಶಗಳಿಗೆ ಸರಿ. ಅಲ್ಲಿ ಈ ದಿನದ ಉಬ್ಬರ ಸಣ್ಣದು, ಒತ್ತಡ ಇಳಿಯಿತೆಂದರೆ ಬಿರುಗಾಳಿಯೇ. ಸೆಟ್ಟಿಂಗಿಗೆ ಹೋಗಿ ಆ ಮಿತಿಯನ್ನು ಹೆಚ್ಚಿಸು, ಇಲ್ಲವೇ ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು ಅಂತ ಹೋಲಿಸು. ನಿನ್ನೆಗಿಂತ ಇವತ್ತು ಕೆಳಗಿದ್ದರೆ ಆಗ ಆಕಾಶ ನೋಡು.

ಇನ್ನೊಂದು ಮಜಾ: 2017ರಲ್ಲಿ ಶುರುವಾದ ಕಲಬುರಗಿ-ಬೀದರ್ ರೈಲಿನಲ್ಲಿ ಕೂತು ಬಂದರೆ ಕಮಲಾಪುರ ದಾಟಿ ಘಟ್ಟ ಏರುವಾಗ ವಾಚು ಒತ್ತಡ ಕುಸಿಯಿತು ಅಂತ ಬೊಬ್ಬೆ ಹೊಡೆಯಬಹುದು. ಕುಸಿದದ್ದು ಹವೆ ಅಲ್ಲ, ಏರಿದ್ದು ನೀನು.

ವಾಚಿನ್ಯಾಗ "ಎಸ್‌ಡಬ್ಲ್ಯೂ 18, ಗಸ್ಟ್ 40" ಅಂತ ಬರ್ತದ. ಅದರ ಬಾಜೂಕ ಮಿಂಚಿನ ಗುರುತು. ಕುರಿ ಕಾಯೋರು ನಾವು, ಇದು ನಮಗ ಹ್ಯಾಂಗ ಉಪಯೋಗ?
*ಯಾದಗಿರಿ ತಾಲ್ಲೂಕಿನ ಓದುಗರು*

ಎಸ್‌ಡಬ್ಲ್ಯೂ ಅಂದರೆ ನೈಋತ್ಯ. ಗಾಳಿಗೆ ಅದು ಬರುವ ಕಡೆಯ ಹೆಸರು, ಹೋಗುವ ಕಡೆಯದ್ದಲ್ಲ. 18 ಸರಾಸರಿ ವೇಗ. ಗಸ್ಟ್ ಅಂದರೆ ನಡುನಡುವೆ ಒಮ್ಮೆಲೇ ನುಗ್ಗುವ ಹೊಡೆತ. ತಗಡು ಹಾರಿಸುವುದು ಸರಾಸರಿ ಅಲ್ಲ, ಈ ಹೊಡೆತ.

ಮಿಂಚಿನ ಗುರುತನ್ನು ಮಾತ್ರ ನೆಚ್ಚಬೇಡಿ. ಅದು ಮುಂಜಾನೆಯ ಲೆಕ್ಕ, ಸಿಡಿಲು ಆ ಕ್ಷಣದ್ದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ ದಾಮಿನಿ ಆ್ಯಪನ್ನು ಫೋನಿಗೆ ಹಾಕಿಕೊಳ್ಳಿ. ನಿಮ್ಮ ಸುತ್ತ 20 ಕಿ.ಮೀ. ಮತ್ತು 40 ಕಿ.ಮೀ. ಒಳಗೆ ಮಿಂಚು ಬೀಳುತ್ತಿದೆಯೇ ಅಂತ ತೋರಿಸುತ್ತದೆ. ಸಿಗ್ನಲ್ ಇಲ್ಲದ ಅಡವಿಯಲ್ಲಿ ಹಳೆಯ ಲೆಕ್ಕವೇ ಗತಿ, ಅದಕ್ಕೆ ಎಂಥ ಗಡಿಯಾರವೂ ಆದೀತು. ಮಿಂಚು ಕಂಡೊಡನೆ ಸೆಕೆಂಡ್ ಮುಳ್ಳು ನೋಡಿ, ಗುಡುಗು ಕೇಳುವ ತನಕ ಎಣಿಸಿ, ಮೂರರಿಂದ ಭಾಗಿಸಿ. ಬಂದದ್ದು ಕಿಲೋಮೀಟರ್. ಮೂವತ್ತು ಸೆಕೆಂಡಿನ ಒಳಗೆ ಕೇಳಿತು ಅಂದರೆ ನೀವು ಅದರ ಬಾಯೊಳಗೇ ಇದ್ದೀರಿ. ಒಂಟಿ ಬೇವಿನ ಮರದ ಕೆಳಗೆ ಕುರಿ ಕೂಡಿಸಿ ಕೂರುವ ರೂಢಿ ಇದೆಯಲ್ಲ, ಅದನ್ನು ಬಿಡಿ. ಹತ್ತಿರ ಗಟ್ಟಿ ಮನೆ ಇದ್ದರೆ ಒಳಗೆ, ಇಲ್ಲದಿದ್ದರೆ ತಗ್ಗಿನಲ್ಲಿ ಕಾಲು ಜೋಡಿಸಿ ಕುಕ್ಕರಗಾಲಲ್ಲಿ. ಕುರಿ ನೆಂದರೆ ಒಣಗುತ್ತವೆ.

2020ರ ಅಕ್ಟೋಬರ್‌ದಾಗ ನಮ್ಮೂರಿಗೆ ಭೀಮಾ ಹೊಳಿ ಬಂತು. ಅದಾದ ಮ್ಯಾಲ ಹೆದರಿ ವಾಚ್ ತಗೊಂಡೀನಿ. ಮಳಿ ಇಲ್ಲ ಅಂತ ತೋರಿಸಿದರ ನಿಶ್ಚಿಂತಿ ಇರಬಹುದಾ? ಹಳದಿ, ಕಿತ್ತಳೆ ಅಂದರ ಏನು?
*ಅಫಜಲಪುರ ತಾಲ್ಲೂಕಿನ ಓದುಗರು*

ಇರಬೇಡಿ. ವಾಚು ಹೇಳುವುದು ನಿಮ್ಮ ತಲೆಮೇಲೆ ಬೀಳುವ ಮಳೆಯ ಮಾತು. ಭೀಮೆ ತರುವುದು ಬೇರೆಯವರ ಮಳೆಯನ್ನು. ಅವಳು ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ಪುಣೆ ಸುತ್ತಿನ ನೀರೆಲ್ಲ ಕೂಡಿ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿಗೆ ಬರುತ್ತದೆ, ಅಲ್ಲಿಂದ ಬಿಟ್ಟದ್ದು ನಿಮ್ಮ ಸೊನ್ನ ಬ್ಯಾರೇಜಿಗೆ. ಆ ವರ್ಷ ಬಂಗಾಳ ಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಹಾದು ಮಹಾರಾಷ್ಟ್ರಕ್ಕೆ ಹೋಯಿತು. ಇಲ್ಲಿ ಕಾಗಿಣಾ ಉಕ್ಕಿತು, ಮೇಲೆ ಉಜನಿ ತುಂಬಿತು. ಮಳೆ ನಿಂತು ಬಿಸಿಲು ಬಿದ್ದ ಮೇಲೂ ಭೀಮೆ ಏರುತ್ತಲೇ ಇದ್ದಳು. ಅವತ್ತು ಜೇವರ್ಗಿ ಕಡೆಯವರ ಕೈಯ ವಾಚು ಸೂರ್ಯನ ಚಿತ್ರ ತೋರಿಸುತ್ತಿದ್ದಿರಬೇಕು, ಅದು ಸುಳ್ಳೂ ಅಲ್ಲ.

ಹಾಗಾಗಿ ಹೊಳೆದಂಡೆಯವರು ವಾಚಿನಲ್ಲಿ ಎರಡು ಊರು ಸೇರಿಸಿಕೊಳ್ಳಿ: ನಿಮ್ಮದೊಂದು, ಪುಣೆ ಒಂದು. ಪುಣೆಯಲ್ಲಿ ಮೂರು ದಿನ ಬಿಡದೆ ಭಾರಿ ಮಳೆ ಅಂತ ಕಂಡರೆ ಉಜನಿಯಿಂದ ಎಷ್ಟು ಕ್ಯುಸೆಕ್ ಬಿಟ್ಟರು ಅನ್ನುವ ಸುದ್ದಿಗೆ ಕಿವಿ ಕೊಡಿ. ಡಂಗುರದವನಿಗಿಂತ ಮುಂಚೆ ನಿಮಗೆ ತಿಳಿದಿರುತ್ತದೆ.

ಹವಾಮಾನ ಇಲಾಖೆಯ ಎಚ್ಚರಿಕೆಯ ಬಣ್ಣಗಳ ವಿಷಯ: ಹಸಿರು ಅಂದರೆ ಚಿಂತೆ ಇಲ್ಲ, ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ತಯಾರಾಗಿರಿ, ಕೆಂಪು ಅಂದರೆ ಎದ್ದು ಕೆಲಸ ಮಾಡಿ. ಇವು ಇಡೀ ಜಿಲ್ಲೆಗೆ ಕೊಡುವ ಬಣ್ಣ. ಅದಕ್ಕೇ ಕಲಬುರಗಿಗೆ ಕಿತ್ತಳೆ ಇದ್ದ ದಿನ ಚಿಂಚೋಳಿ ಕೊಚ್ಚಿಹೋಗಿ ಅಫಜಲಪುರದಲ್ಲಿ ಧೂಳು ಹಾರಬಹುದು. ಪ್ರಕಟಣೆಯಲ್ಲಿ "ಒಂದೆರಡು ಕಡೆ" ಅಂತಿದ್ದರೆ ಮಳೆ ಅಳೆಯುವ ಕೇಂದ್ರಗಳಲ್ಲಿ ಕಾಲು ಪಾಲಿಗಿಂತ ಹೆಚ್ಚಿಗೆ ಬೀಳುವುದಿಲ್ಲ ಅಂತ ಅರ್ಥ. "ಕೆಲವು ಕಡೆ" ಅಂದರೆ ಅರ್ಧದ ತನಕ, "ಹಲವು ಕಡೆ" ಅಂದರೆ ಮುಕ್ಕಾಲಿನ ತನಕ, ಅದರ ಮೇಲೆ ಹೋದರೆ "ಬಹುತೇಕ ಎಲ್ಲ ಕಡೆ". ರೇಡಿಯೋದಲ್ಲಿ ಈ ಶಬ್ದಗಳನ್ನು ಸಮಾಚಾರದವರು ಮನಸ್ಸಿಗೆ ಬಂದ ಹಾಗೆ ಆಡುತ್ತಾರೆ ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಒಂದೊಂದಕ್ಕೂ ಅಳತೆ ಇದೆ. ಮತ್ತೆ, ನಾವು ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯವರು "ಉತ್ತರ ಒಳನಾಡು" ಅನ್ನುವ ಹೆಸರಿನ ಕೆಳಗೆ ಬರುತ್ತೇವೆ. ಕರಾವಳಿಗೆ ಕೆಂಪು ಅಂದದ್ದನ್ನು ಕೇಳಿ ಬಿತ್ತನೆ ಚೀಲ ಕಟ್ಟುವುದು ಬೇಡ.

ಅಪ್ಪನ ಕೆರೆ ದಂಡೆಗೆ ವಾಕಿಂಗ್ ಹೋಗುತ್ತೇನೆ. ವಾಚು ಎಕ್ಯುಐ 154, ಅನ್‌ಹೆಲ್ದಿ ಅನ್ನುತ್ತದೆ. ಸರಕಾರದ ಆ್ಯಪ್ 100, ತೃಪ್ತಿಕರ ಅನ್ನುತ್ತದೆ. ನಡೆಯಲೋ, ಮನೆಗೆ ಹೋಗಲೋ?
*ನಿವೃತ್ತ ನೌಕರರು, ಕಲಬುರಗಿ*

ಎಕ್ಯುಐ ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅನ್ನುವ ಸೂಚ್ಯಂಕ. ಧೂಳು ಒಂದೇ, ಅಳತೆಪಟ್ಟಿ ಎರಡು. ಒಂದು ಘನ ಮೀಟರ್ ಗಾಳಿಯಲ್ಲಿ ಸೂಕ್ಷ್ಮ ಕಣ 60 ಮೈಕ್ರೊಗ್ರಾಂ ಇದ್ದರೆ ನಮ್ಮ ದೇಶದ ಸೂಚ್ಯಂಕ 100 ಅನ್ನುತ್ತದೆ, ಅಮೆರಿಕದ್ದು 150 ದಾಟಿಸುತ್ತದೆ. ನಿಮ್ಮ ವಾಚು ಅಮೆರಿಕದ ಪಟ್ಟಿ ಹಿಡಿದಿದೆ, ಕೆಲವದರಲ್ಲಿ ಬದಲಿಸುವ ಅವಕಾಶ ಇರುತ್ತದೆ. ದಮ್ಮು, ಹೃದಯದ ತೊಂದರೆ ಇದ್ದರೆ ಬಿಗಿಯಾದ ಪಟ್ಟಿಯನ್ನೇ ನಂಬಿ, ಇಲ್ಲದಿದ್ದರೆ ನಡೆಯಿರಿ.

ವಾಚು ಟೆಂಪರೇಚರ್ 33 ಅಂತದ, ನಮ್ಮ ಸೇಡಂದಾಗ 42 ಇತ್ತು.
*ಹತ್ತನೇ ತರಗತಿ ವಿದ್ಯಾರ್ಥಿ*

ನೀನು ನೋಡಿದ್ದು ಹವೆಯದ್ದಲ್ಲ, ನಿನ್ನ ಮಣಿಕಟ್ಟಿನ ಚರ್ಮದ್ದು. ಬಿಚ್ಚಿ ಅರ್ಧ ತಾಸು ನೆರಳಲ್ಲಿಟ್ಟು ನೋಡು. ಬಿಸಿಲಲ್ಲಿಡಬೇಡ, ಬ್ಯಾಟರಿ ಉಬ್ಬಿಸಿಕೊಂಡು ನನ್ನ ಹತ್ತಿರ ಬರುತ್ತೀ.

ಮಿರಗ, ಆರಿದ್ರಾ, ಮಘಿ ಇವೆಲ್ಲ ನಿಮ್ಮ ವಾಚಿನ್ಯಾಗ ಯಾಕಿಲ್ಲ? ಮೊಮ್ಮಗ "ಅದೆಲ್ಲ ಸುಳ್ಳು ಮುತ್ಯಾ" ಅಂತಾನ.
*ಹಿರಿಯರೊಬ್ಬರು, ಹುಮನಾಬಾದ್*

ಯಜಮಾನ್ರೇ, ಮೊಮ್ಮಗನಿಗೂ ಸಿಟ್ಟಾಗಬೇಡಿ. ಮಳೆ ನಕ್ಷತ್ರ ಅಂದರೆ ಸೂರ್ಯ ಆಕಾಶದಲ್ಲಿ ಎಲ್ಲಿದ್ದಾನೆ ಅನ್ನುವ ಕ್ಯಾಲೆಂಡರು. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಮಿರಗ ಪ್ರತಿ ವರ್ಷ ಜೂನ್ 7-8ಕ್ಕೇ ಕೂಡುತ್ತದೆ, ಮಳೆ ಬಂದರೂ ಅಷ್ಟೇ ಬಿಟ್ಟರೂ ಅಷ್ಟೇ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1, ಅಲ್ಲಿಂದ ನಮ್ಮ ಕಡೆ ಬರಲು ಒಂದು ವಾರ ಹಿಡಿದರೆ ಮಿರಗಕ್ಕೇ ಬಂದು ನಿಲ್ಲುತ್ತದೆ. ನಮ್ಮ ಹಿರಿಯರು ತಲೆಮಾರುಗಟ್ಟಲೆ ನೋಡಿ ಹೊಂದಿಸಿದ ಸರಾಸರಿ ಅದು. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅನ್ನುವ ಗಾದೆ ನಾಳೆ ಮಳೆ ಬರುತ್ತದೆ ಅಂತ ಹೇಳುವುದಿಲ್ಲ, ಆಗಸ್ಟ್ ನಡುವಿಗೆ ಬೆಳೆ ಎಷ್ಟು ಬಾಯಾರಿರುತ್ತದೆ ಅನ್ನುವುದನ್ನು ಹೇಳುತ್ತದೆ. ವಾಚಿಗೆ ಇದರ ಗೊಡವೆ ಇಲ್ಲ. ಅದಕ್ಕೆ ಗೊತ್ತಿರುವುದು ಹತ್ತು ದಿನ, ಅದರಲ್ಲೂ ಐದು ದಿನ ದಾಟಿದ ಮೇಲಿನದನ್ನು ನಾನು ನೋಡುವುದೇ ಇಲ್ಲ.

ಆದರೂ ನಿಮ್ಮ ಆಸೆ ಈಡೇರಿಸಬಹುದು. ವಾಚಿನ ಕ್ಯಾಲೆಂಡರಿಗೆ ಪಂಚಾಂಗ ನೋಡಿ ಜೂನ್ ತಿಂಗಳ ಆ ದಿನ "ಮಿರಗ" ಅಂತ ಬರೆದು, ವರ್ಷ ವರ್ಷ ಬಾರಿಸುವಂತೆ ಇಡಲು ಮೊಮ್ಮಗನಿಗೆ ಹೇಳಿ. ನಾನು ಇಟ್ಟಿದ್ದೇನೆ. ಕಳೆದ ಸಲ ಅಂಗಡಿಯಲ್ಲಿ ಕೂತಾಗ ಅದು ಬಾರಿಸಿತು. ಬಗ್ಗಿ ಸ್ಕ್ರೂ ತಿರುಗಿಸುತ್ತಿದ್ದವ ತಲೆ ಎತ್ತಿ ಗಲ್ಲಿಯಾಚೆ ನೋಡಿದೆ. ಉರಿಬಿಸಿಲು. ಎದುರಿನ ಅರಿವೆ ಅಂಗಡಿಯವ ಕೂಗಿ ಕೇಳಿದ, "ಏನ್ ಬಂತ್ರಿ, ಫೋನೋ?" "ಇಲ್ಲೋ ಮಾರಾಯಾ, ಮಿರಗ" ಅಂದೆ. ಅವ ಹೊರಗೆ ಬಂದು ಆಕಾಶ ನೋಡಿ, ಸುಮ್ಮನೆ ತನ್ನ ಛತ್ರಿಗಳನ್ನು ಮುಂದಿನ ಸಾಲಿಗೆ ಎಳೆದು ನೇತುಹಾಕಿದ.